ಜ್ವರ ಮಗುವಿಗೆ, ರಜೆ ಯಾರಿಗೆ?

ಸೋಮವಾರ ಬೆಳಿಗ್ಗೆ ಮಗಳ ಮೈ ಕಾದ ಹೆಂಚಿನಂತಿತ್ತು. ಇವರು ಮ್ಯಾನೇಜರಿಗೆ ಫೋನ್ ಮಾಡಿ ರಜೆ ಕೇಳಿದರು. "ಯಾಕ್ರೀ, ಮನೇಲಿ ಹೆಂಡತಿ ಇಲ್ವಾ?" ಅಂತ ಆ ಕಡೆಯಿಂದ ಪ್ರಶ್ನೆ. ಇದ್ದಾಳೆ ಸ್ವಾಮಿ, ಅವಳೂ ಒಂಬತ್ತೂವರೆಗೆ ಇದೇ ಹಾಸನದ ಇನ್ನೊಂದು ಆಫೀಸಿನಲ್ಲಿ ಹೆಬ್ಬೆಟ್ಟು ಒತ್ತಬೇಕು. ನನ್ನ ರಜೆಯೆಲ್ಲ ಹೋದ ತಿಂಗಳ ಕೆಮ್ಮಿಗೇ ಮುಗಿದಿತ್ತು.

ಹೆರಿಗೆ ರಜೆ ವಿಷಯದಲ್ಲಿ ನನಗೆ ದೂರಿಲ್ಲ. 2017ರಲ್ಲಿ ಕಾನೂನು ತಿದ್ದಿ 12 ವಾರ ಇದ್ದದ್ದನ್ನು 26 ಮಾಡಿದರು, ಅದು ನನಗೂ ಸಿಕ್ಕಿತು. ಅಮೆರಿಕದಲ್ಲಿ ಕೇಂದ್ರದ ಕಾನೂನು ಇವತ್ತಿಗೂ ಕೊಡುವುದು 12 ವಾರ, ಅದೂ ಸಂಬಳ ಇಲ್ಲದೆ. ಆದರೆ ನಮ್ಮಲ್ಲಿ ಇಎಸ್‌ಐ (ನೌಕರರ ಸರ್ಕಾರಿ ವಿಮೆ) ಇಲ್ಲದವರಿಗೆ ಆ 26 ವಾರದ ಸಂಬಳ ಪೂರ್ತಿ ಕಂಪನಿಯ ಜೇಬಿನಿಂದಲೇ ಹೋಗಬೇಕು. ಇಂಟರ್‌ವ್ಯೂನಲ್ಲಿ "ಮದುವೆ ಆಗಿ ಎಷ್ಟು ದಿನ ಆಯ್ತಮ್ಮಾ?" ಅಂತ ನಯವಾಗಿ ಯಾಕೆ ಕೇಳುತ್ತಾರೆ ಅಂತ ಈಗ ಗೊತ್ತಾಯ್ತಲ್ವಾ? ಅಪ್ಪಂದಿರಿಗೆ ಸರ್ಕಾರಿ ನೌಕರಿಯಲ್ಲಾದರೆ 15 ದಿನ. ಖಾಸಗಿಯಲ್ಲಿ ಕಂಪನಿಯವರು ಮನಸ್ಸು ಮಾಡಿ ಕೊಟ್ಟರೆ ಉಂಟು.

ಸ್ವೀಡನ್‌ನವರು 1974ರಲ್ಲೇ ಈ ರಜೆಯನ್ನು ಅಪ್ಪ ಅಮ್ಮ ಇಬ್ಬರದೂ ಮಾಡಿದರು. ದುಡ್ಡು ಬರುವುದು ಸಾಮಾಜಿಕ ವಿಮೆಯಿಂದ, ಹಾಗಾಗಿ ಯಾವ ಹೆಂಗಸು ಬಸುರಿಯಾದರೆ ಎಷ್ಟು ಖರ್ಚು ಅಂತ ಧಣಿ ಲೆಕ್ಕ ಹಾಕುತ್ತಾ ಕೂರಬೇಕಿಲ್ಲ. ಆದರೂ ಗಂಡಸರು ರಜೆಯನ್ನು ಹೆಂಡತಿಗೇ ಬಿಟ್ಟುಕೊಡುತ್ತಿದ್ದರು (ಎಲ್ಲಾ ಕಡೆ ಅದೇ ಜಾತಿ ನೋಡಿ!). ಅದಕ್ಕೇ 1995ರಲ್ಲಿ ಒಂದು ತಿಂಗಳು ಒಬ್ಬೊಬ್ಬರಿಗೂ ಮೀಸಲು ಅಂತ ಮಾಡಿದರು. ಈಗ ಒಟ್ಟು 480 ದಿನದಲ್ಲಿ ತಲಾ 90 ದಿನ ಮೀಸಲು, ಅಪ್ಪ ತಗೊಳ್ಳದಿದ್ದರೆ ಅದು ಹೋಯ್ತು ಅಷ್ಟೇ, ಅಮ್ಮನಿಗೆ ದಾಟಿಸುವ ಹಾಗಿಲ್ಲ. ಮಗುವಿಗೆ ಹುಷಾರಿಲ್ಲ ಅಂದರೆ ಬೇರೆ ರಜೆ, ಮಗುವೊಂದಕ್ಕೆ ವರ್ಷಕ್ಕೆ 120 ದಿನದವರೆಗೆ, ಇಬ್ಬರಲ್ಲಿ ಯಾರು ಬೇಕಾದರೂ ತಗೊಳ್ಳಬಹುದು. ಇವರ ಮ್ಯಾನೇಜರಿಗೆ ಇದನ್ನು ತೋರಿಸಬೇಕಿತ್ತು.

ಎಲ್ಲವನ್ನೂ ಹೊರಗಿನಿಂದಲೇ ಕಲಿಯಬೇಕು ಅಂತೇನಿಲ್ಲ. ನಮ್ಮಜ್ಜಿ ಮೂಡಿಗೆರೆ ಕಡೆ ಕಾಫಿ ಕುಯ್ಲಿಗೆ ಹೋಗುತ್ತಿದ್ದವರು. ಅಮ್ಮ ಕೂಸಾಗಿದ್ದಾಗ ತೋಟದಲ್ಲೇ ಒಂದು ಕೋಣೆಯಂತೆ, ಸೀರೆ ತೊಟ್ಟಿಲಂತೆ, ನೋಡಿಕೊಳ್ಳೋಕೆ ಒಬ್ಬಳು ಆಯಾ, ಹಾಲೂಡಿಸೋಕೆ ಅಜ್ಜಿ ನಡುವೆ ಬಂದು ಹೋಗುತ್ತಿದ್ದರಂತೆ. 50 ಹೆಣ್ಣಾಳು ಇರುವ ತೋಟದಲ್ಲಿ ಇಂಥದ್ದು ಇರಲೇಬೇಕು ಅಂತ 1951ರ ತೋಟ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಈಗ ನರೇಗಾ ಕೆಲಸಕ್ಕೆ ಹೋಗುವ ತಾಯಂದಿರಿಗೆ ಪಂಚಾಯ್ತಿಗಳಲ್ಲಿ ಕೂಸಿನ ಮನೆ ಮಾಡಿದ್ದಾರೆ, ಒಳ್ಳೆ ಕೆಲಸ. 2017ರ ತಿದ್ದುಪಡಿಯೂ 50 ಜನ ಇರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಅನ್ನುತ್ತದೆ. ನಮ್ಮ ಆಫೀಸಿನಲ್ಲಿ ನಾವು 43 ಜನ!

ಕೊನೆಗೆ ಇವರೇ ಸಂಬಳ ಕಟ್ ಮಾಡಿಸಿಕೊಂಡು ಮನೆಯಲ್ಲಿ ಉಳಿದರು. ಹನ್ನೆರಡಕ್ಕೆ ಮ್ಯಾನೇಜರ್ ವಾಟ್ಸಾಪ್: "ಮಗು ಹೇಗಿದೆ? ಮಧ್ಯಾಹ್ನದ ಮೇಲೆ ಬರ್ತೀರಾ?"