ಎಳೆಯ ಜಪಾನಿ ಮೇಪಲ್‌ಗಳ ಸವರುವಿಕೆ: ಮೂರನೆಯ ವರ್ಷದ ದಾಖಲೆ

ಫೆಬ್ರವರಿ

ಅಮೆರಿಕದ ಓರೆಗಾನ್ ರಾಜ್ಯದ ಬೀವರ್ಟನ್‌ನಲ್ಲಿರುವ ನಮ್ಮ ಮನೆಯ ಹಿತ್ತಲಿನಲ್ಲಿ ಮೂರು ಜಪಾನಿ ಮೇಪಲ್ ಗಿಡಗಳಿವೆ. ಒಂದು ನೆಟ್ಟಗೆ ಬೆಳೆಯುವ ಕೆಂಪೆಲೆಯ ಬ್ಲಡ್‌ಗುಡ್, ಇನ್ನೊಂದು ಚಳಿಗಾಲದಲ್ಲಿ ತೊಗಟೆ ಹವಳದ ಬಣ್ಣಕ್ಕೆ ತಿರುಗುವ ಸಾಂಗೋ ಕಾಕು, ಮತ್ತೊಂದು ಸೀಳೆಲೆಗಳ, ಬಾಗಿ ಇಳಿಯುವ ಕೊಂಬೆಗಳ ಕ್ರಿಮ್ಸನ್ ಕ್ವೀನ್. ಮೂರೂ ಕಸಿ ಗಿಡಗಳು. ನೆಟ್ಟ ಮೊದಲ ಎರಡು ವರ್ಷ ಒಣಗಿದ್ದನ್ನೂ ಮುರಿದದ್ದನ್ನೂ ಬಿಟ್ಟು ಬೇರೇನನ್ನೂ ಕತ್ತರಿಸಿರಲಿಲ್ಲ. ಬೇರೂರುತ್ತಿರುವ ಗಿಡಕ್ಕೆ ಆಹಾರ ಒದಗಿಸುವುದು ಎಲೆಗಳೇ ಆದ್ದರಿಂದ ಎಳವೆಯಲ್ಲಿ ಅವನ್ನು ಕಳೆದರೆ ಬೇರಿನ ಬೆಳವಣಿಗೆಯೇ ಕುಂಠಿತವಾಗುತ್ತದೆ. ಆಕಾರ ಕೊಡುವ ಕೆಲಸ ಈ ವರ್ಷದಿಂದ ಆರಂಭ.

ಎಲೆಯಿಲ್ಲದ ಈ ತಿಂಗಳಲ್ಲಿ ಗಿಡದ ಅಸ್ಥಿಪಂಜರ ಪೂರ್ತಿ ಕಾಣುತ್ತದೆ. ಬಹಳ ಪುಸ್ತಕಗಳು ಕತ್ತರಿ ಹಿಡಿಯಲು ಇದೇ ಸುಸಮಯವೆನ್ನುತ್ತವೆಯಾದರೂ ನಾನು ನೋಡುವುದಕ್ಕಷ್ಟೇ ಇದನ್ನು ಬಳಸುತ್ತೇನೆ. ಚಳಿಗಾಲದ ಕೊನೆಗೆ ಮೇಪಲ್‌ಗಳಲ್ಲಿ ರಸ ಏರತೊಡಗುತ್ತದೆ ಮತ್ತು ಕತ್ತರಿಸಿದಲ್ಲೆಲ್ಲ ತೊಟ್ಟಿಕ್ಕುತ್ತದೆ. ರಸ ಸೋರಿದ್ದರಿಂದಲೇ ಗಿಡ ಸಾಯುವುದು ಅಪರೂಪ. ನನಗಿರುವ ಭಯ ಇಲ್ಲಿನ ಮಳೆಯದು. ಅಕ್ಟೋಬರ್‌ನಿಂದ ಮೇವರೆಗೆ ಹನಿಯುತ್ತಲೇ ಇರುವ ಈ ಪ್ರದೇಶದಲ್ಲಿ ಸ್ಯೂಡೊಮೊನಾಸ್ ಸಿರಿಂಜೆ ಎಂಬ ಬ್ಯಾಕ್ಟೀರಿಯಾ ಒದ್ದೆ ಗಾಯಗಳ ಮೂಲಕ ಒಳಹೊಕ್ಕು ರೆಂಬೆಗಳ ತುದಿಯನ್ನು ಕಪ್ಪಾಗಿಸುತ್ತದೆ. ಆದ್ದರಿಂದ ತೆಗೆಯಬೇಕೆನಿಸಿದ ರೆಂಬೆಗಳಿಗೆ ಬಿಳಿ ಉಣ್ಣೆಯ ದಾರ ಕಟ್ಟಿ, ಕತ್ತರಿಯನ್ನು ಬೇಸಿಗೆಗೆ ಮೀಸಲಿಟ್ಟಿದ್ದೇನೆ.

ದಾರ ಕಟ್ಟುವಾಗ ಗಮನಿಸಬೇಕಾದದ್ದು ಮೇಪಲ್‌ನ ಜೋಡಿ ಸ್ವಭಾವವನ್ನು. ಪ್ರತಿ ಗೆಣ್ಣಿನಲ್ಲೂ ಎದುರುಬದುರಾಗಿ ಎರಡು ಮೊಗ್ಗುಗಳಿರುತ್ತವೆ. ಕೆಳಗಿನ ಜೋಡಿ ಪೂರ್ವ-ಪಶ್ಚಿಮಕ್ಕಿದ್ದರೆ ಅದರ ಮೇಲಿನದು ಉತ್ತರ-ದಕ್ಷಿಣಕ್ಕಿರುತ್ತದೆ. ರೆಂಬೆಯ ತುದಿಯಲ್ಲೂ ಸಾಮಾನ್ಯವಾಗಿ ಒಂಟಿ ಮೊಗ್ಗಿನ ಬದಲು ಜೋಡಿಯೇ ಇರುವುದರಿಂದ ಚಿಗುರು ಮುಂದುವರಿದಲ್ಲೆಲ್ಲ ಕವಲೊಡೆಯುತ್ತದೆ. ಎಲ್ಲವನ್ನೂ ಬಿಟ್ಟರೆ ರೆಂಬೆ ಮೀನಿನ ಮುಳ್ಳಿನಂತೆ ಎರಡೂ ಬದಿಗೆ ಸಮನಾಗಿ ಹರಡಿ, ಒಳಭಾಗ ಕತ್ತಲಾಗಿ, ನೆರಳಿಗೆ ಸಿಕ್ಕ ಕಿರುರೆಂಬೆಗಳು ತಾವಾಗಿಯೇ ಸಾಯುತ್ತವೆ. ಒಂದು ಗೆಣ್ಣಿನಲ್ಲಿ ಎಡದ್ದನ್ನು, ಮುಂದಿನದರಲ್ಲಿ ಬಲದ್ದನ್ನು ಉಳಿಸಿಕೊಂಡು ಹೋದರೆ ಕೊಂಬೆ ಅಂಕುಡೊಂಕಾಗಿ ಸಾಗುತ್ತದೆ. ಹಳೆಯ ಜಪಾನಿ ಮೇಪಲ್‌ಗಳಲ್ಲಿ ನಾವು ಮೆಚ್ಚುವ ಬಳುಕು ಬಹುಮಟ್ಟಿಗೆ ಇಂಥ ಆಯ್ಕೆಗಳ ಫಲ. ಟಕುಮಾ ತೋನೊ ವಿನ್ಯಾಸಗೊಳಿಸಿದ, 1967ರಲ್ಲಿ ಸಾರ್ವಜನಿಕರಿಗೆ ತೆರೆದ ಪೋರ್ಟ್‌ಲೆಂಡ್ ಜಪಾನಿ ಉದ್ಯಾನದಲ್ಲಿ ಛಾಯಾಗ್ರಾಹಕರು ಬಗ್ಗಿ ನಿಂತು ಚಿತ್ರ ತೆಗೆಯುವ ಇಳಿಗೊಂಬೆಯ ಮೇಪಲ್ ಒಂದಿದೆ. ಜನ ಅದನ್ನು ಅಕ್ಟೋಬರಿನ ಬಣ್ಣಕ್ಕಾಗಿ ನೋಡಲು ಹೋಗುತ್ತಾರೆ. ಕಲಿಯಬೇಕೆನ್ನುವವರು ಎಲೆ ಉದುರಿದ ಮೇಲೆ ಹೋಗುವುದು ಒಳ್ಳೆಯದು.

ಏಪ್ರಿಲ್

ಮೂರೂ ಚಿಗುರಿವೆ. ಬ್ಲಡ್‌ಗುಡ್‌ನ ಬುಡದಲ್ಲಿ, ಕಸಿ ಕಟ್ಟಿದ ಗಂಟಿನ ಕೆಳಗೆ, ಎರಡು ಹಸಿರು ಚಿಗುರುಗಳು ಎದ್ದಿದ್ದವು; ಕೆಂಪು ಗಿಡದಲ್ಲಿ ಅವನ್ನು ಗುರುತಿಸಲು ಶ್ರಮವೇ ಬೇಡ. ಸಾಂಗೋ ಕಾಕುವಿನ ಎಲೆಯೂ ಬೇರುಸಸಿಯ (ಕಸಿಗೆ ಬುಡವಾಗಿರುವ ಗಿಡದ) ಎಲೆಯೂ ಹಸಿರೇ ಆದ್ದರಿಂದ ಅಲ್ಲಿ ಕಸಿಯ ಗಂಟನ್ನು ಬೆರಳಿನಿಂದ ತಡವಿ, ಅದಕ್ಕಿಂತ ಕೆಳಗೆ ಹುಟ್ಟಿದ್ದನ್ನೆಲ್ಲ ಎಳೆಯದಾಗಿರುವಾಗಲೇ ಚಿವುಟಿದೆ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಕಂಬಚಿಗುರು ತೆಗೆಯುವುದನ್ನು ನೋಡಿ ಬೆಳೆದವರಿಗೆ ಈ ಕೆಲಸ ಪರಿಚಿತವೇ. ಆದರೆ ಅಲ್ಲಿ ಬಿಟ್ಟರೆ ಫಸಲು ಕಡಿಮೆಯಾದೀತು, ಇಲ್ಲಿ ಬಿಟ್ಟರೆ ಬೇರುಸಸಿಯೇ ಬಲಿತು, ದುಡ್ಡು ಕೊಟ್ಟು ತಂದ ತಳಿಯನ್ನು ಮೂಲೆಗೆ ತಳ್ಳಿಬಿಡುತ್ತದೆ.

ಮೇಪಲ್‌ನ ಬೇರುಗಳು ಮೇಲ್ಮಣ್ಣಿನಲ್ಲೇ ಹರಡುವುದರಿಂದ ಬುಡದ ಸುತ್ತ ಅಗೆಯದೆ, ಐದಾರು ಸೆಂಟಿಮೀಟರ್ ದಪ್ಪಕ್ಕೆ ತೊಗಟೆಯ ಚಕ್ಕೆಗಳನ್ನು ಹರಡಿ, ಕಾಂಡಕ್ಕೆ ತಾಗದಂತೆ ಸುತ್ತ ಒಂದು ಅಂಗೈ ಅಗಲ ಬರಿದಾಗಿ ಬಿಟ್ಟಿದ್ದೇನೆ. ಗೊಬ್ಬರ ಹಾಕಿಲ್ಲ. ಸಾರಜನಕ ಹೆಚ್ಚಾದರೆ ಗೆಣ್ಣುಗಳ ನಡುವಿನ ಅಂತರ ಉದ್ದವಾಗಿ, ಛಾಟಿಯಂಥ ಬಲಹೀನ ರೆಂಬೆಗಳು ಬರುತ್ತವೆ. ಅವನ್ನು ಮತ್ತೆ ಕತ್ತರಿಸುವ ಕೆಲಸ ನಮ್ಮದೇ.

ಜುಲೈ

ತಿಂಗಳ ಆರಂಭದ ಬಿಸಿಲಿನ ಅಬ್ಬರ ಇಳಿದು, ಮುಂದಿನ ವಾರವೂ ಒಣಹವೆ ಎಂಬ ಮುನ್ಸೂಚನೆ ನೋಡಿಕೊಂಡು ಕೆಲಸಕ್ಕೆ ಇಳಿದೆ. ಅಲಗುಗಳು ಒಂದರ ಪಕ್ಕ ಒಂದು ಜಾರುವ ಬೈಪಾಸ್ ಕತ್ತರಿಯನ್ನೇ ಬಳಸುತ್ತೇನೆ, ಏಕೆಂದರೆ ಪಟ್ಟಿಯ ಮೇಲೆ ಒತ್ತಿ ಕಡಿಯುವ ಬಗೆಯದು ಎಳೆಯ ರೆಂಬೆಯನ್ನು ಜಜ್ಜುತ್ತದೆ. ಶೇ. 70ರ ಆಲ್ಕೋಹಾಲ್‌ನಿಂದ ಅಲಗು ಒರೆಸುವುದು ಗಿಡದಿಂದ ಗಿಡಕ್ಕೆ ಹೋಗುವಾಗ ಕಡ್ಡಾಯ.

ಮೊದಲು ಬ್ಲಡ್‌ಗುಡ್. ಒಳಗಿನ ಒಣ ಕಡ್ಡಿಗಳಿಗೆ ಕತ್ತರಿ ಬೇಕಾಗಲಿಲ್ಲ. ಬೆರಳಿನಿಂದ ಬಾಗಿಸಿದರೆ ಸತ್ತದ್ದು ಲಟಕ್ಕನೆ ಮುರಿಯುತ್ತದೆ, ಜೀವವಿರುವುದು ಬಳುಕುತ್ತದೆ. ಆಮೇಲೆ ಒಂದಕ್ಕೊಂದು ಉಜ್ಜುತ್ತಿದ್ದ ಎರಡು ಕೊಂಬೆಗಳಲ್ಲಿ ಒಳಮುಖದ್ದನ್ನು ತೆಗೆದೆ. ದಾರ ಕಟ್ಟಿದ್ದವುಗಳಲ್ಲಿ ನೈಋತ್ಯ ಬದಿಯವನ್ನು ಹಾಗೆಯೇ ಬಿಟ್ಟೆ: ಎಲೆ ಬಂದ ಮೇಲೆ ನೋಡಿದರೆ ಅವೇ ಮಧ್ಯಾಹ್ನದ ಬಿಸಿಲಿನಿಂದ ಕಾಂಡಕ್ಕೆ ನೆರಳು ಕೊಡುತ್ತಿದ್ದವು. ಮೇಪಲ್‌ನ ತೆಳು ತೊಗಟೆ ಹಠಾತ್ತಾಗಿ ಬಿಸಿಲಿಗೆ ಬಿದ್ದರೆ ಸುಟ್ಟು ಬಿರಿಯುತ್ತದೆ. 2021ರ ಜೂನ್ 28ರಂದು ಪೋರ್ಟ್‌ಲೆಂಡ್‌ನಲ್ಲಿ 46.7 ಡಿಗ್ರಿ ಸೆಲ್ಸಿಯಸ್ ತಾಪ ದಾಖಲಾಗಿತ್ತು. ಅಂಥ ದಿನ ಮತ್ತೆ ಬರಬಹುದಾದ ಊರಿನಲ್ಲಿ ಆಕಾರಕ್ಕಿಂತ ನೆರಳಿಗೆ ಮೊದಲ ಮಣೆ.

ಕತ್ತರಿಸುವ ಜಾಗದ ವಿಷಯದಲ್ಲಿ ರಾಜಿಯಿಲ್ಲ. ರೆಂಬೆ ಕಾಂಡವನ್ನು ಸೇರುವಲ್ಲಿ ಸುಕ್ಕುಗಟ್ಟಿದ ಉಬ್ಬು ಕೊರಳಪಟ್ಟಿಯೊಂದಿರುತ್ತದೆ. ಅದನ್ನು ಉಳಿಸಿ, ಅದರ ಹೊರ ಅಂಚಿಗೆ ಸರಿಯಾಗಿ ಕತ್ತರಿಸಬೇಕು. ಕಾಂಡಕ್ಕೆ ಸಪಾಟಾಗಿ ಕತ್ತರಿಸಿದರೆ ಗಾಯವನ್ನು ಮುಚ್ಚುವ ಅಂಗಾಂಶವೇ ಹೋಗುತ್ತದೆ, ಮೋಟು ಬಿಟ್ಟರೆ ಅದು ಕೊಳೆಯುತ್ತದೆ. ಗಾಯಕ್ಕೆ ಬಣ್ಣವನ್ನಾಗಲಿ ಮುಲಾಮನ್ನಾಗಲಿ ಬಳಿಯಲಿಲ್ಲ. ಮರ ಗಾಯವನ್ನು ವಾಸಿಮಾಡುವುದಿಲ್ಲ, ಗೋಡೆ ಕಟ್ಟಿ ಪ್ರತ್ಯೇಕಿಸುತ್ತದೆ ಎಂದು ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶೈಗೋ ತೋರಿಸಿಕೊಟ್ಟ ಮೇಲೂ ಅಂಗಡಿಗಳಲ್ಲಿ ಆ ಡಬ್ಬಿಗಳು ಮಾರಾಟವಾಗುತ್ತಿರುವುದು ಸೋಜಿಗ.

ಸಾಂಗೋ ಕಾಕುವಿನಲ್ಲಿ ನಾಲ್ಕಾರು ತುದಿಗಳು ಕಪ್ಪಾಗಿದ್ದವು. ಕಪ್ಪಿನಿಂದ ಸಾಕಷ್ಟು ಕೆಳಗೆ, ಕತ್ತರಿಸಿದ ಮುಖ ಪೂರ್ತಿ ಕೆನೆಬಣ್ಣದ್ದಾಗಿ ಕಾಣುವ ಗೆಣ್ಣಿನವರೆಗೆ ಇಳಿದು ಕತ್ತರಿಸಿದೆ. ಇಲ್ಲಿ ಮಾತ್ರ ಪ್ರತಿ ಕಡಿತದ ನಂತರವೂ ಅಲಗು ಒರೆಸಿದೆ. ರೋಗಕ್ಕೇ ಅಷ್ಟು ಹೋದ ಮೇಲೆ ಅಂದಕ್ಕಾಗಿ ಒಂದು ರೆಂಬೆಯನ್ನೂ ಮುಟ್ಟಲಿಲ್ಲ. ಒಂದು ವರ್ಷದಲ್ಲಿ ಎಲೆಭಾರದ ಕಾಲು ಪಾಲಿಗಿಂತ ಹೆಚ್ಚು ತೆಗೆಯಬಾರದೆಂಬ ಲೆಕ್ಕದಲ್ಲಿ ರೋಗದ ಪಾಲೂ ಸೇರುತ್ತದೆ.

ಕ್ರಿಮ್ಸನ್ ಕ್ವೀನ್‌ನಲ್ಲಿ ಕೆಲಸವೆಲ್ಲ ಕೆಳಗಿನಿಂದ. ನೆಲಕ್ಕೆ ಕುಳಿತು, ಪರದೆಯನ್ನೆತ್ತಿ ಒಳಗೆ ನೋಡಿ, ಒಂದರ ಮೇಲೊಂದು ಬಿದ್ದ ಪದರಗಳಲ್ಲಿ ಕೆಳಗಿನದನ್ನು ತೆಗೆದರೆ ಮೇಲಿನದಕ್ಕೆ ಇಳಿಯಲು ಜಾಗವಾಗುತ್ತದೆ. ಹೊರಗಿನಿಂದ ಬೇಲಿ ಕತ್ತರಿಸಿದಂತೆ ಸುತ್ತ ಸವರಿದ ಇಂಥ ಗಿಡಗಳನ್ನು ನಮ್ಮ ಬೀದಿಯಲ್ಲೇ ನೋಡುತ್ತೇನೆ. ಕತ್ತರಿಸಿದ ಪ್ರತಿ ತುದಿಯಿಂದಲೂ ಎರಡೆರಡು ಚಿಗುರು ಹೊರಟು ಅವು ಮರುವರ್ಷ ಇನ್ನಷ್ಟು ಒತ್ತಾಗಿರುತ್ತವೆ.

ಸೆಪ್ಟೆಂಬರ್

ಗಾಯಗಳ ಅಂಚಿನಲ್ಲಿ ಉಬ್ಬು ಉಂಗುರ ಕಟ್ಟತೊಡಗಿದೆ. ಸಾಂಗೋ ಕಾಕುವಿನಲ್ಲಿ ಹೊಸ ಕಪ್ಪು ಕಾಣಿಸಿಲ್ಲ. ನಿಜವಾದ ಪರೀಕ್ಷೆ ಮಳೆಗಾಲದ ನಂತರವೇ. ನೀರನ್ನು ಕ್ರಮೇಣ ಕಡಿಮೆ ಮಾಡುತ್ತಿದ್ದೇನೆ, ತಡವಾಗಿ ಹುಟ್ಟಿದ ಎಳೆಚಿಗುರು ಹಿಮಕ್ಕೆ ಸುಲಭದ ತುತ್ತಾಗುತ್ತದೆ. ಬ್ಲಡ್‌ಗುಡ್‌ನ ತುದಿಯಲ್ಲಿ ಸಮಬಲದ ಎರಡು ನಾಯಕ ರೆಂಬೆಗಳು ಇಕ್ಕಟ್ಟಾದ ಕೋನದಲ್ಲಿ ಕವಲೊಡೆದಿದ್ದು, ನಡುವೆ ತೊಗಟೆ ಸಿಕ್ಕಿಕೊಳ್ಳುವ ಲಕ್ಷಣವಿದೆ. ಈ ವರ್ಷದ ಪಾಲು ಮುಗಿದಿರುವುದರಿಂದ ಅವುಗಳಲ್ಲಿ ಉತ್ತರದ್ದಕ್ಕೆ ದಾರ ಕಟ್ಟಿದ್ದೇನೆ. ಅದನ್ನು ತೆಗೆಯುವುದು ಬರುವ ಜುಲೈಗೆ.