5,455ರಲ್ಲಿ ನಾವಿಲ್ಲ

ಹೋದ ವಾರ ಮಗಳು ಶಾಲೆಯಿಂದ ಬಂದವಳು ಬೆನ್ನಿನ ಚೀಲ ಕೂಡ ಇಳಿಸದೆ ಕೇಳಿದಳು. "ಅಮ್ಮಾ, ನಮ್ಮ ಕೌಂಟಿಯಲ್ಲಿ 5,455 ಜನ ಇದ್ದಾರಂತೆ. ಅದರಲ್ಲಿ ನಾವು ಮೂರು ಜನಾನೂ ಇದ್ದೀವಾ?"

ನಾವಿರುವುದು ಅಮೆರಿಕದ ನೆಬ್ರಾಸ್ಕಾ ರಾಜ್ಯದಲ್ಲಿ. ನಾಲ್ಕನೇ ಕ್ಲಾಸಿನಲ್ಲಿ ಮಕ್ಕಳಿಗೆ ಈ ರಾಜ್ಯದ ಚರಿತ್ರೆ ಇದೆ. ಅವರವರ ಕೌಂಟಿಯ ಮೇಲೆ ಒಂದು ಚಾರ್ಟ್ ಮಾಡಿ ತರಬೇಕಂತೆ. ನಾನು ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದೆ. ಯೋಚನೆ ಮಾಡದೆ ಹೇಳಿಬಿಟ್ಟೆ. "ಇಲ್ಲ ಪುಟ್ಟಿ, ಅದು 2020ರ ಲೆಕ್ಕ. ನಾವು ಬಂದಿದ್ದು 2022ರಲ್ಲಿ."

"ಹಾಗಾದ್ರೆ ಕೊಪ್ಪದ ಲೆಕ್ಕದಲ್ಲಿ ಇದ್ದೀವಿ, ಅಲ್ವಾ?"

ನಾನು ಇದ್ದೀನಿ. 2011ರಲ್ಲಿ ಎಣಿಸುವವರು ಬಂದಾಗ ಅಪ್ಪಯ್ಯನ ಮನೆ ಜಗಲಿಯಲ್ಲಿ ಕೂತು ನನ್ನ ಹೆಸರು ಬರೆದುಕೊಂಡಿದ್ದರು. ಇವರು ಶಿವಮೊಗ್ಗದ ಲೆಕ್ಕದಲ್ಲಿ ಇದ್ದಾರೆ. ಮಗಳು ಹುಟ್ಟಿದ್ದು 2015ರಲ್ಲಿ. 2021ರಲ್ಲಿ ಆಗಬೇಕಿದ್ದ ಜನಗಣತಿ ಕೊರೊನಾ ಅಂತ ಮುಂದಕ್ಕೆ ಹೋಯಿತು, ಅಷ್ಟರಲ್ಲಿ ನಾವು ಗಂಟುಮೂಟೆ ಕಟ್ಟಿ ಇಲ್ಲಿಗೆ ಬಂದಾಗಿತ್ತು. ಇದನ್ನೆಲ್ಲ ಬಿಡಿಸಿ ಹೇಳಿದ ಮೇಲೆ ಅವಳು ಸ್ವಲ್ಪ ಹೊತ್ತು ಸುಮ್ನೆ ನಿಂತಳು.

"ಅಂದ್ರೆ ನಾನು ಎಲ್ಲೂ ಇಲ್ವಾ?"

ಸಾಸಿವೆ ಸೀದುಹೋಯಿತು.

ನಾವಿರುವುದು ಚೆರ್ರಿ ಕೌಂಟಿಯ ವ್ಯಾಲೆಂಟೈನ್ ಎಂಬ ಊರಿನಲ್ಲಿ. ಇವರ ಆಸ್ಪತ್ರೆ ಕೆಲಸ ನಮ್ಮನ್ನು ಇಲ್ಲಿಗೆ ತಂದಿತು. ಹೆಸರು ಕೇಳಿದವರು ಪ್ರೇಮಿಗಳ ದಿನ ನೆನಪು ಮಾಡಿಕೊಳ್ಳುತ್ತಾರೆ. ಫೆಬ್ರವರಿಯಲ್ಲಿ ಇಲ್ಲಿನ ಅಂಚೆ ಮುದ್ರೆ ಬೀಳಲಿ ಅಂತ ಎಲ್ಲೆಲ್ಲಿಂದಲೋ ಕಾಗದ ಬರುವುದೂ ನಿಜ. ಆದರೆ ಊರಿಗೆ ಹೆಸರು ಬಂದಿದ್ದು ಎಡ್ವರ್ಡ್ ವ್ಯಾಲೆಂಟೈನ್ ಎಂಬ ಅಮೆರಿಕದ ಸಂಸತ್ ಸದಸ್ಯನಿಂದ. ಕೌಂಟಿಗೆ ಬಂದಿದ್ದು 1881ರಲ್ಲಿ ಕೊಲೆಯಾದ ಸ್ಯಾಮ್ಯುಯೆಲ್ ಚೆರ್ರಿ ಎಂಬ ಸೇನಾಧಿಕಾರಿಯಿಂದ.

ಕೌಂಟಿ ಅಂದರೆ ನಮ್ಮ ಜಿಲ್ಲೆ ಅಂದುಕೊಳ್ಳಿ. ಇದರ ವಿಸ್ತಾರ ಸುಮಾರು 15,500 ಚದರ ಕಿಲೋಮೀಟರ್. ನಮ್ಮ ಚಿಕ್ಕಮಗಳೂರು ಜಿಲ್ಲೆಯಂಥವು ಎರಡು ಇದರೊಳಗೆ ಕೂರುತ್ತವೆ, ಇನ್ನೂ ಜಾಗ ಉಳಿಯುತ್ತದೆ. ಕನೆಕ್ಟಿಕಟ್ ಎಂಬ ಇಡೀ ರಾಜ್ಯಕ್ಕಿಂತ ಇದು ದೊಡ್ಡದು. ಎಷ್ಟು ಅಗಲ ಅಂದರೆ ಕೌಂಟಿಯ ಪೂರ್ವದಲ್ಲಿ ಒಂದು ಸಮಯ, ಪಶ್ಚಿಮದಲ್ಲಿ ಒಂದು ಗಂಟೆ ಹಿಂದೆ. ಪಕ್ಕದ ಮನೆಯ ಅಜ್ಜಿಯ ಅಡುಗೆಮನೆಯಲ್ಲಿ ಎರಡು ಗಡಿಯಾರ ಇವೆ. ಒಂದು ಊರಿನ ಸಮಯಕ್ಕೆ. ಇನ್ನೊಂದು ಪಶ್ಚಿಮದಲ್ಲಿ ದನ ನೋಡಿಕೊಂಡಿರುವ ಮಗನ ಸಮಯಕ್ಕೆ.

ಮೊದಲ ಸಲ ಊರಾಚೆ ಹೋದಾಗ ನನಗೆ ಕುದುರೆಮುಖದ ಹುಲ್ಲುಗುಡ್ಡಗಳ ನೆನಪಾಯಿತು. ಹಾಗೇ ಒಂದರ ಹಿಂದೆ ಒಂದು, ಕಣ್ಣು ಹರಿಯುವಷ್ಟು ದೂರ. ಆದರೆ ಇಲ್ಲಿ ಹುಲ್ಲಿನ ಕೆಳಗೆ ಕಲ್ಲಿಲ್ಲ, ಬರೀ ಮರಳು. ಗಾಳಿ ತಂದು ಗುಡ್ಡೆ ಹಾಕಿದ ಮರಳ ದಿಬ್ಬಗಳಿವು, ಹುಲ್ಲಿನ ಬೇರು ಹಿಡಿದುಕೊಂಡಿರುವುದರಿಂದ ನಿಂತಿವೆ. ಸ್ಯಾಂಡ್‌ಹಿಲ್ಸ್ ಅಂತಾರೆ. ಪಶ್ಚಿಮ ಗೋಳಾರ್ಧದಲ್ಲೇ ಇಷ್ಟು ದೊಡ್ಡ ಮರಳುದಿಬ್ಬದ ಸೀಮೆ ಬೇರೆ ಇಲ್ಲ. ಮಳೆ ಕಮ್ಮಿ, ಆದರೆ ಬಿದ್ದ ನೀರು ಮರಳಿನಲ್ಲಿ ಇಂಗಿ ಒಗಲಾಲ ಎಂಬ ದೊಡ್ಡ ಅಂತರ್ಜಲಕ್ಕೆ ಸೇರುತ್ತದೆ, ಅದೇ ನೀರು ದಿಬ್ಬಗಳ ನಡುವೆ ಸಣ್ಣ ಸಣ್ಣ ಕೆರೆಗಳಾಗಿ ಮೇಲೆ ಬರುತ್ತದೆ.

ಇಲ್ಲಿ ಉಳುವ ಹಾಗಿಲ್ಲ. ಹುಲ್ಲು ಕಿತ್ತರೆ ಮರಳು ಹಾರುತ್ತದೆ. ಅದು ಗೊತ್ತಾಗುವ ಮೊದಲು ಜನ ತುಂಬ ನೊಂದರು. 1904ರಲ್ಲಿ ಕಿಂಕೇಡ್ ಕಾಯ್ದೆ ಬಂತು. ಬಂದು ಐದು ವರ್ಷ ಇದ್ದು ಜಮೀನು ಸುಧಾರಿಸಿದವರಿಗೆ 640 ಎಕರೆ ಪುಕ್ಕಟೆ. ನಮ್ಮ ಕಡೆ ಆರು ಎಕರೆ ತೋಟ ಇದ್ದವರೇ ನೆಮ್ಮದಿಯಾಗಿರುತ್ತಾರೆ, 640 ಅಂದರೆ ಎಷ್ಟಾಯಿತು ನೋಡಿ. ಆದರೆ ಈ ಮರಳಿನಲ್ಲಿ ಅದೂ ಸಾಲಲಿಲ್ಲ. 1920ರಲ್ಲಿ ಕೌಂಟಿಯಲ್ಲಿ 11,753 ಜನ ಇದ್ದರು. ಆಮೇಲೆ ಹತ್ತು ಹತ್ತು ವರ್ಷಕ್ಕೆ ಇಳಿಯುತ್ತಲೇ ಬಂತು, ಒಂದು ಸಲವೂ ಏರಲಿಲ್ಲ. ಈಗಿನ ಸಂಖ್ಯೆ 1890ಕ್ಕಿಂತಲೂ ಕಮ್ಮಿ. ದನಗಳು ಮಾತ್ರ ಒಂದೂವರೆ ಲಕ್ಷಕ್ಕೂ ಜಾಸ್ತಿ ಇವೆ.

ಚಾರ್ಟಿಗೆ ಸಹಾಯ ಮಾಡುತ್ತಾ ಮಗಳ ಪ್ರಶ್ನೆ ನನ್ನ ತಲೆಯಲ್ಲೇ ಇತ್ತು. ಹಾಗಾಗಿ ಲೆಕ್ಕದಲ್ಲಿ ಇಲ್ಲದವರೇ ಕಣ್ಣಿಗೆ ಬೀಳತೊಡಗಿದರು. ಈ ಕೌಂಟಿ ಏರ್ಪಟ್ಟಿದ್ದು 1883ರಲ್ಲಿ. ಅದಕ್ಕೂ ಮೊದಲು ಇಲ್ಲಿ ಓಡಾಡಿಕೊಂಡಿದ್ದವರು ಲಕೋಟಾ ಎಂಬ ಮೂಲನಿವಾಸಿ ಜನ. ಅವರನ್ನು ಉತ್ತರಕ್ಕೆ, ರೋಸ್‌ಬಡ್ ಎಂಬ ಮೀಸಲು ಪ್ರದೇಶಕ್ಕೆ ಸೇರಿಸಿ, ಅವರ ಮೇಲೆ ಕಣ್ಣಿಡಲು ನಯೋಬ್ರಾರಾ ಹೊಳೆಯ ದಂಡೆಯಲ್ಲಿ ಕೋಟೆ ಕಟ್ಟಿದರು. ಆಗಿನ ಎಣಿಕೆಯಲ್ಲಿ 'ತೆರಿಗೆ ಕಟ್ಟದ ಇಂಡಿಯನ್ನರನ್ನು', ಅಂದರೆ ಇಂಥ ಮೂಲನಿವಾಸಿಗಳನ್ನು, ಬಿಟ್ಟು ಎಣಿಸಬೇಕು ಅಂತ ಸಂವಿಧಾನದಲ್ಲೇ ಬರೆದಿತ್ತು. ತಮ್ಮ ನೆಲದಲ್ಲೇ ಇದ್ದವರನ್ನು! ಮಗಳು ಈ ಸಾಲನ್ನು ಚಾರ್ಟಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆದಳು. ನಾನು ಹೇಳಿಕೊಟ್ಟಿದ್ದಲ್ಲ.

ಶನಿವಾರ ಅವಳನ್ನು ಕರೆದುಕೊಂಡು ಹೆದ್ದಾರಿ 83ರಲ್ಲಿ ದಕ್ಷಿಣಕ್ಕೆ ಹೋದೆವು. ಅಲ್ಲಿ ಡಿವಿಟ್ಟಿ ಎಂಬ ಊರಿನ ನೆನಪಿಗೆ 2016ರಲ್ಲಿ ನಿಲ್ಲಿಸಿದ ಒಂದು ಫಲಕ ಇದೆ. 1907ರಿಂದ ಕಪ್ಪು ಜನರ ಕುಟುಂಬಗಳು ನಾರ್ತ್ ಲೂಪ್ ಹೊಳೆಯ ಬಯಲಿಗೆ ಬಂದು, ಇದೇ ಕಿಂಕೇಡ್ ಕಾಯ್ದೆಯಲ್ಲಿ ಜಮೀನು ಹಿಡಿದು, ಹುಲ್ಲುಹೆಂಟೆ ಕತ್ತರಿಸಿ ಮನೆ ಕಟ್ಟಿಕೊಂಡು, ಶಾಲೆ, ಚರ್ಚು, ಅಂಚೆಕಚೇರಿ ಎಲ್ಲ ಮಾಡಿಕೊಂಡಿದ್ದರು. 1930ರ ದಶಕದ ಹೊತ್ತಿಗೆ ಬಹುತೇಕ ಎಲ್ಲರೂ ಹೊರಟುಹೋದರು. ಈಗ ಫಲಕ, ಹುಲ್ಲು, ಗಾಳಿ ಅಷ್ಟೇ. ಮಗಳು ಫಲಕವನ್ನು ಮೇಲಿನಿಂದ ಕೆಳಗಿನವರೆಗೆ ಜೋರಾಗಿ ಓದಿದಳು, ಯಾರಿಗೋ ಕೇಳಿಸಬೇಕು ಅನ್ನುವ ಹಾಗೆ.

ಸಂಜೆ ಪಕ್ಕದ ಮನೆ ಅಜ್ಜಿ ಚಾರ್ಟ್ ನೋಡಲು ಬಂದರು. ಅವರ ಅಜ್ಜ ಕಿಂಕೇಡ್ ಜಮೀನು ಹಿಡಿದು ಬಂದವರು. ಅಕ್ಕಪಕ್ಕದವರೆಲ್ಲ ಮಾರಿ ಹೋದಾಗ ಆ ಜಮೀನು ಕೊಂಡು ಕೊಂಡು ಉಳಿದುಕೊಂಡರಂತೆ. "ನಮ್ಮದು ಉಳೀತು ಅಂತ ಖುಷಿಪಟ್ವಿ. ಆದರೆ ಮಾತಾಡೋಕೆ ಯಾರೂ ಇರಲಿಲ್ಲ" ಅಂದರು. ಮಗಳು ಮತ್ತೆ ತನ್ನ ದೂರು ಹೇಳಿದಳು, ನಾನು ಯಾವ ಲೆಕ್ಕದಲ್ಲೂ ಇಲ್ಲ ಅಂತ. ಅಜ್ಜಿ ಮನೆಗೆ ಹೋಗಿ ಫೋನ್ ಡೈರೆಕ್ಟರಿ ತಂದರು. ನಮ್ಮ ಶಾಲೆಯ ಬರವಣಿಗೆ ಪುಸ್ತಕದಷ್ಟು ತೆಳ್ಳಗಿನದು. ಅದರಲ್ಲಿ ಸತ್ತವರ ಹೆಸರಿನ ಮೇಲೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದಿದ್ದಾರೆ, ಹೊಸಬರನ್ನು ಅಂಚಿನಲ್ಲಿ ಬರೆದಿದ್ದಾರೆ. ನಾವು ಬಂದ ವರ್ಷವೇ ನಮ್ಮ ಮೂವರ ಹೆಸರನ್ನೂ ಬರೆದಿಟ್ಟಿದ್ದಾರೆ, ಕಾಗುಣಿತ ತಪ್ಪಾದರೂ. ನನಗೆ ಗಂಟಲು ಕಟ್ಟಿತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಚಿಕ್ಕಮಗಳೂರಿನ ಜನಸಂಖ್ಯೆಯೂ 2001ರಿಂದ 2011ರ ಒಳಗೆ ಇಳಿದಿತ್ತು, 11,40,905ರಿಂದ 11,37,961ಕ್ಕೆ. ಇಡೀ ಕರ್ನಾಟಕದಲ್ಲಿ ಹಾಗೆ ಇಳಿದ ಜಿಲ್ಲೆ ಅದೊಂದೇ. ಆಗ ನಾನು ಅಲ್ಲೇ ಇದ್ದೆ. ಯಾರ ಬಾಯಲ್ಲೂ ಈ ಮಾತು ಕೇಳಿದ ನೆನಪಿಲ್ಲ. ನನ್ನ ಶಾಲೆಯಲ್ಲಿ ಮೌರ್ಯರು, ಗುಪ್ತರು ಎಲ್ಲ ಬಂದರು. ನಮ್ಮ ಊರಿನಲ್ಲಿ ಎಷ್ಟು ಮನೆ, ಎಷ್ಟಕ್ಕೆ ಬೀಗ ಅಂತ ಯಾವ ಮೇಷ್ಟ್ರೂ ಚಾರ್ಟ್ ಬರೆಸಲಿಲ್ಲ. ಈ ವಿಷಯದಲ್ಲಿ ನನಗೆ ನಮ್ಮವರ ಮೇಲೆ ಬೇಜಾರಿದೆ. ನನ್ನ ಮೇಲೂ ಇದೆ, ಯಾಕೆಂದರೆ ಬೀಗ ಹಾಕಿ ಬಂದವರಲ್ಲಿ ನಾನೂ ಒಬ್ಬಳು.

ಭಾನುವಾರ ರಾತ್ರಿ ಎಂಟಕ್ಕೆ ಫೋನ್ ಹಚ್ಚಿದೆವು. ಅಲ್ಲಿ ಬೆಳಗ್ಗೆ ಆರೂವರೆ, ಅಪ್ಪಯ್ಯ ಕಾಫಿ ಕುಡಿಯುತ್ತಿದ್ದರು. ಮಗಳು ನೇರವಾಗಿ ಕೇಳಿದಳು. "ಅಜ್ಜ, ನಮ್ಮ ಊರಲ್ಲಿ ಎಷ್ಟು ಜನ?"

ಅಪ್ಪಯ್ಯ ಲೋಟ ಕೆಳಗಿಟ್ಟ ಸದ್ದು ಕೇಳಿಸಿತು. ಮನೆ ಮನೆಯಾಗಿ ಎಣಿಸತೊಡಗಿದರು. ಮೇಲಿನ ಮನೆಯಲ್ಲಿ ಇಬ್ಬರು, ಹುಡುಗ ಬೆಂಗಳೂರಲ್ಲಿ. ಕೆರೆಮನೆಯಲ್ಲಿ ಅಮ್ಮ ಒಬ್ಬರೇ. ಹೊಸಮನೆಗೆ ಬೀಗ. ಅಡಿಕೆ ಕೊಯ್ಯುವ ಕೊನೆಗಾರ ಇದ್ದನಲ್ಲ, ಅವನೂ ಹೋದ ವರ್ಷ ಪೇಟೆ ಸೇರಿದ. ನಡುನಡುವೆ ನಿಲ್ಲಿಸಿ, ಬೆರಳು ಮಡಚಿ, ಮತ್ತೆ ಶುರು ಮಾಡುತ್ತಿದ್ದರು. ಮಗಳು ಇಲ್ಲಿ ಹಾಳೆಯ ಮೇಲೆ ಗೆರೆ ಹಾಕುತ್ತಾ ಹೋದಳು. ನಮ್ಮ ಮನೆಯವರೆಗೆ ಬಂದಾಗ ಅಪ್ಪಯ್ಯ ಸುಮ್ಮನಾದರು.

"ಪುಟ್ಟಿ, ನಿಮ್ಮನ್ನ ಸೇರ್ಸಿ ಎಣಿಸ್ಲಾ, ಬಿಟ್ಟು ಎಣಿಸ್ಲಾ?"

ಅವಳು ನನ್ನ ಮುಖ ನೋಡಿದಳು. ಆಮೇಲೆ ಫೋನಿಗೆ ಹತ್ತಿರ ಬಗ್ಗಿ, "ನನ್ನನ್ನ ಸೇರ್ಸಿ ಅಜ್ಜ. ಅಮ್ಮಂದು ಅಮ್ಮನ್ನೇ ಕೇಳಿ" ಅಂದಳು.