ಕಂಬದ ತಲೆಯ ಮೇಲಿನ ಹಲ್ಲುನೋವು

ಹಳೆಯ ಚರ್ಚುಗಳ ಚಿತ್ರ ತೆಗೆಯಲು ಆರಂಭಿಸಿದ ದಿನಗಳಲ್ಲಿ ನನ್ನ ಕಣ್ಣೆಲ್ಲ ಎತ್ತರದ ಮೇಲೆಯೇ ಇತ್ತು. ಅಗಲ ಕೋನದ ಲೆನ್ಸ್ ಹಾಕಿ, ಕ್ಯಾಮೆರಾವನ್ನು ಮೇಲಕ್ಕೆ ಎತ್ತಿ, ನೆಲದಿಂದ ಛಾವಣಿಯವರೆಗಿನದ್ದನ್ನೆಲ್ಲ ಒಂದೇ ಚೌಕಟ್ಟಿಗೆ ತುಂಬುತ್ತಿದ್ದೆ. ಮನೆಗೆ ಬಂದು ನೋಡಿದರೆ ಗೋಪುರಗಳು ಹಿಂದಕ್ಕೆ ಬೀಳುವಂತೆ ವಾಲಿರುತ್ತಿದ್ದವು, ಕಂಬಗಳು ಮೇಲೆ ಹೋದಂತೆ ಒಂದರ ಕಡೆಗೊಂದು ಬಾಗಿರುತ್ತಿದ್ದವು. ಇದು ಲೆನ್ಸಿನ ದೋಷವಲ್ಲ. ಕ್ಯಾಮೆರಾದ ಸೆನ್ಸರ್ ಗೋಡೆಗೆ ಸಮಾನಾಂತರವಾಗಿ ಇಲ್ಲದಿದ್ದರೆ ಲಂಬ ರೇಖೆಗಳು ಹಾಗೆಯೇ ಕೂಡುತ್ತವೆ. ಕ್ಯಾಮೆರಾ ಎತ್ತದೆಯೇ ಲೆನ್ಸನ್ನಷ್ಟೇ ಮೇಲಕ್ಕೆ ಸರಿಸಬಲ್ಲ ಶಿಫ್ಟ್ ಲೆನ್ಸ್ ಇಲ್ಲದವರು ಆದಷ್ಟು ಹಿಂದೆ ಸರಿದು, ಕ್ಯಾಮೆರಾವನ್ನು ಮಟ್ಟವಾಗಿ ಹಿಡಿದು, ಅನಗತ್ಯವಾಗಿ ಸೇರಿದ ನೆಲದ ಭಾಗವನ್ನು ಆಮೇಲೆ ಕತ್ತರಿಸಿ ಹಾಕುವುದೇ ಲೇಸು.

ಆದರೆ ನಾನು ನಿಜವಾಗಿ ಕಲಿಯಬೇಕಿದ್ದದ್ದು ಬೆಳಕಿನ ದಿಕ್ಕನ್ನು. ಯುರೋಪಿನ ಹಳೆಯ ಚರ್ಚುಗಳಲ್ಲಿ ಬಲಿಪೀಠವು ಸಾಮಾನ್ಯವಾಗಿ ಪೂರ್ವದಲ್ಲಿಯೂ ಮುಖ್ಯ ದ್ವಾರವು ಪಶ್ಚಿಮದಲ್ಲಿಯೂ ಇರುವುದರಿಂದ, ಬೆಳಗಿನ ಬಿಸಿಲು ಬಲಿಪೀಠದ ಹಿಂದಿನ ಕಿಟಕಿಗಳಿಂದ ಒಳಬರುತ್ತದೆ, ಮುಂಭಾಗದ ಶಿಲ್ಪಗಳಿಗೆ ಸಂಜೆಯವರೆಗೂ ಕಾಯಬೇಕಾಗುತ್ತದೆ. ಬಣ್ಣದ ಗಾಜಿನ ವಿಷಯದಲ್ಲಿ ಮಾತ್ರ ಬಿಸಿಲು ವೈರಿ. 1194ರ ಬೆಂಕಿಯ ನಂತರ ಮತ್ತೆ ಕಟ್ಟಿದ ಫ್ರಾನ್ಸಿನ ಶಾರ್ತ್ರ್ ಕೆಥೆಡ್ರಲಿನಲ್ಲಿರುವಂಥ ಗಾಢ ನೀಲಿಯ ಕಿಟಕಿಗಳು ಮೋಡ ಮುಸುಕಿದ ದಿನದ ಸಮನಾದ ಬೆಳಕಿನಲ್ಲಿಯೇ ಚಿತ್ರಕ್ಕೆ ಚೆನ್ನಾಗಿ ಒದಗುತ್ತವೆ. ಗಾಜಿಗೆ ತಕ್ಕಂತೆ ಒಳಬಿಡಬೇಕಾದ ಬೆಳಕನ್ನು, ಅಂದರೆ ಎಕ್ಸ್‌ಪೋಷರ್ ಅಳೆದರೆ ಗೋಡೆಗಳು ಕಪ್ಪಾಗುತ್ತವೆ, ಆಗಲಿ ಬಿಡಿ. ಹಲವು ಎಕ್ಸ್‌ಪೋಷರುಗಳನ್ನು ಬೆಸೆದು ಮೂಲೆಮೂಲೆಯನ್ನೂ ಬೆಳಗಿಸಿದ ಚಿತ್ರಗಳಲ್ಲಿ ಚರ್ಚು ಅಂಗಡಿಯ ಷೋರೂಮಿನಂತೆ ಕಾಣುತ್ತದೆ ಎಂಬುದು ನನ್ನ ದೂರು.

ಬೆಳಕಿಗಾಗಿ ಕಾಯುವುದರಲ್ಲಿ ಬ್ರಿಟಿಷ್ ಛಾಯಾಗ್ರಾಹಕ ಫ್ರೆಡರಿಕ್ ಎವನ್ಸ್ ನನಗೆ ಗುರು. 1903ರಲ್ಲಿ ಅವರು ಇಂಗ್ಲೆಂಡಿನ ವೆಲ್ಸ್ ಕೆಥೆಡ್ರಲಿನಲ್ಲಿ ತೆಗೆದ ಚಿತ್ರವನ್ನು ತುಂಬಿರುವುದು ಸವೆದ ಕಲ್ಲಿನ ಮೆಟ್ಟಿಲುಗಳು. ಶತಮಾನಗಳ ಪಾದಗಳು ಮಾಡಿದ ತಗ್ಗುಗಳ ಮೇಲೆ ಬೆಳಕು ಜಾರಿ, ಮೆಟ್ಟಿಲುಗಳು ಅಲೆಗಳಾಗಿ ಮೇಲೇರುತ್ತವೆ. ಅದೇ ಕಟ್ಟಡದಲ್ಲಿ ಗೋಪುರದ ಭಾರ ತಾಳಲು 1338ರಿಂದ 1348ರವರೆಗೆ ಕಟ್ಟಿದ ಭಾರಿ ಕತ್ತರಿ ಕಮಾನುಗಳಿವೆ, ಬರುವವರೆಲ್ಲ ಅವುಗಳ ಮುಂದೆಯೇ ನಿಲ್ಲುತ್ತಾರೆ. ಎವನ್ಸ್ ಅವರ ಆ ಚಿತ್ರವನ್ನು ನೋಡಿದ ಮೇಲೆ ನಾನು ಸಣ್ಣ ವಿವರಗಳ ಕಡೆಗೆ ತಿರುಗಿದೆ.

ವಿವರಗಳನ್ನು ದಾಖಲಿಸುವ ಕೆಲಸಕ್ಕೆ ಛಾಯಾಗ್ರಹಣದಷ್ಟೇ ಹಳೆಯ ಪರಂಪರೆ ಇದೆ ಎನ್ನಬಹುದು. 1851ರಲ್ಲಿ ಫ್ರಾನ್ಸಿನ ಐತಿಹಾಸಿಕ ಸ್ಮಾರಕಗಳ ಆಯೋಗವು ಐವರು ಛಾಯಾಗ್ರಾಹಕರನ್ನು ದೇಶದ ಹಳೆಯ ಕಟ್ಟಡಗಳ ಚಿತ್ರ ತೆಗೆಯಲು ಕಳುಹಿಸಿತು. ಅವರಲ್ಲೊಬ್ಬರಾದ ಆನ್ರಿ ಲ ಸೆಕ್ ರ‍್ಯಾಂಸ್ ಕೆಥೆಡ್ರಲಿನ ಶಿಲ್ಪಗಳನ್ನೂ ಚಿತ್ರಿಸಿದರು. 1914ರ ಸೆಪ್ಟೆಂಬರಿನಲ್ಲಿ ಶೆಲ್ ದಾಳಿಯಿಂದ ಹೊತ್ತಿದ ಬೆಂಕಿಯಲ್ಲಿ ಆ ಕೆಥೆಡ್ರಲಿನ ನಗುವ ದೇವದೂತನ ತಲೆ ಮುರಿದು ಬಿತ್ತು, ಮುಂಚೆಯೇ ತೆಗೆದಿಟ್ಟಿದ್ದ ಪ್ಲಾಸ್ಟರ್ ಅಚ್ಚಿನ ನೆರವಿನಿಂದ ಅದನ್ನು ಮತ್ತೆ ಜೋಡಿಸಬೇಕಾಯಿತು. ಹೀಗಿರುವಾಗ, ಒಂದು ಶಿಲ್ಪವನ್ನು ನೇರವಾಗಿ, ಯಾವ ಚಮತ್ಕಾರವೂ ಇಲ್ಲದೆ, ಅಂಚಿನಿಂದ ಅಂಚಿಗೆ ಸ್ಪಷ್ಟವಾಗಿ ತೆಗೆದಿಡುವುದು ಬೇಸರದ ಕೆಲಸವೆಂದು ನನಗೆ ಅನಿಸುವುದಿಲ್ಲ.

ಉಬ್ಬು ಕೆತ್ತನೆಗೆ ಪಕ್ಕದಿಂದ ಸವರಿಕೊಂಡು ಬರುವ ಬೆಳಕು ಬೇಕು. ಕ್ಯಾಮೆರಾದ ಫ್ಲ್ಯಾಷ್ ಎದುರಿನಿಂದ ಬಿದ್ದು ನೆರಳನ್ನೆಲ್ಲ ಅಳಿಸಿಬಿಡುತ್ತದೆ, ಎಷ್ಟೋ ಕಡೆ ಅದಕ್ಕೆ ಅನುಮತಿಯೂ ಇರುವುದಿಲ್ಲ. ಟ್ರೈಪಾಡಿನ ಬಗ್ಗೆಯೂ ಮೊದಲೇ ಕೇಳಿಕೊಳ್ಳಬೇಕು, ಪೂಜೆ ನಡೆಯುವಾಗ ಕ್ಯಾಮೆರಾ ಚೀಲದೊಳಗಿರಬೇಕು. ಟ್ರೈಪಾಡ್ ಬೇಡವೆಂದರೆ ಕಂಬಕ್ಕೆ ಒರಗಿ ಉಸಿರು ಹಿಡಿಯುತ್ತೇನೆ. ಛಾವಣಿಯ ಕಮಾನುಗಳು ಕೂಡುವಲ್ಲಿರುವ ಕೆತ್ತನೆಗಳಿಗಾಗಿ ಕ್ಯಾಮೆರಾವನ್ನು ನೆಲದ ಮೇಲೆ ಅಂಗಾತ ಮಲಗಿಸಿ, ಟೈಮರ್ ಒತ್ತಿ ದೂರ ಸರಿಯುತ್ತೇನೆ. ನೋಡುವವರಿಗೆ ಯಾರೋ ಕ್ಯಾಮೆರಾ ಮರೆತು ಹೋದಂತೆ ಕಾಣುತ್ತದೆ. ಬೋದಿಗೆಗಳಿಗಾದರೆ, ಅಂದರೆ ಕಂಬದ ತಲೆಯ ಕೆತ್ತನೆಗಳಿಗಾದರೆ, ಹತ್ತಿರ ಹೋಗಬಾರದು. ದೂರದಿಂದ, ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸಿನಲ್ಲಿ ತೆಗೆದರೆ ಕೆಳಗಿನಿಂದ ನೋಡುವ ಓರೆ ಕಡಿಮೆಯಾಗಿ ಮುಖಗಳು ಮುಖಗಳಾಗಿಯೇ ಉಳಿಯುತ್ತವೆ.

ವೆಲ್ಸ್‌ನ ಒಂದು ಬೋದಿಗೆಯ ಮೇಲೆ, ಎಲೆಗಳ ನಡುವೆ, ಒಬ್ಬ ಮನುಷ್ಯ ಬಾಯಿಗೆ ಬೆರಳಿಟ್ಟು ಹಲ್ಲುನೋವಿನಿಂದ ಮುಖ ಕಿವುಚಿಕೊಂಡಿದ್ದಾನೆ. ಮತ್ತೊಂದರ ಮೇಲೆ ಹಣ್ಣು ಕದ್ದವರು ಸಿಕ್ಕಿಬಿದ್ದು ಏಟು ತಿನ್ನುತ್ತಾರೆ. ಕತ್ತರಿ ಕಮಾನುಗಳನ್ನು ನೋಡಲು ಬಂದವರು ಇವರ ಕೆಳಗೇ ದಾಟಿ ಹೋಗುತ್ತಾರೆ.